ಹದಿನಾರು ಚೌಕ, 1,147 ಗೊಣ್ಣೆ ಹುಳು: ಮನೆ ಮುಂದಿನ ಹುಲ್ಲುಹಾಸಿನ ಒಂದು ವರ್ಷದ ದಾಖಲೆ

ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ನಮ್ಮ ಮನೆ. ಗೇಟಿನಿಂದ ಜಗಲಿಯವರೆಗೆ 24 ಅಡಿ ಉದ್ದ, 18 ಅಡಿ ಅಗಲದ ಹುಲ್ಲುಹಾಸು. ಮೆಕ್ಸಿಕನ್ ಹುಲ್ಲು, ಕೆಳಗೆ ಕೆಮ್ಮಣ್ಣು. ಒಟ್ಟು 432 ಚದರ ಅಡಿ, ಅಂದರೆ ಒಂದು ಎಕರೆಯ ನೂರನೇ ಪಾಲಿಗೆ ಕೂದಲೆಳೆಯಷ್ಟು ಕಡಿಮೆ. ಈ ಲೆಕ್ಕ ಮುಂದೆ ಬಹಳ ಉಪಯೋಗಕ್ಕೆ ಬಂತು. ಅಂಗಡಿಯ ಔಷಧದ ಪೊಟ್ಟಣಗಳ ಮೇಲೆ ಎಕರೆಗೆ ಇಷ್ಟು ಎಂದೇ ಬರೆದಿರುತ್ತದೆ. ನಾನು ನೂರರಿಂದ ಭಾಗಿಸಿದರೆ ಮುಗಿಯಿತು. ಸರ್ವೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದು ನಿವೃತ್ತನಾದವನಿಗೆ ಸ್ವಂತ ಅಂಗಳದಲ್ಲಿ ಸಿಕ್ಕ ಒಂದೇ ಸಮಾಧಾನ ಅದು.

ಈ ಹುಲ್ಲಿನ ಬೇರು ತಿಂದ ಗೊಣ್ಣೆ ಹುಳುಗಳ ಕಥೆ ಇದು. ತಾರೀಕುಗಳೆಲ್ಲ ನನ್ನ ನೋಟ್‌ಬುಕ್ಕಿನಿಂದ ತೆಗೆದವು. ತಪ್ಪುಗಳನ್ನೂ ಹಾಗೆಯೇ ಇಳಿಸಿದ್ದೇನೆ.

2024 ಜುಲೈ 14, ಭಾನುವಾರ

ಹುಲ್ಲಿನ ನಡುಭಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಮೂರು ಹಳದಿ ಮಚ್ಚೆಗಳು. ಸಾರ ಸಾಲದು ಎಂದುಕೊಂಡು 1 ಕೆಜಿ ಯೂರಿಯಾ (ರೂ. 15) ಎರಚಿ ಬೆಳಿಗ್ಗೆ, ಸಂಜೆ ನೀರು ಬಿಟ್ಟೆ. ಅಕ್ಕಪಕ್ಕದ ಹುಲ್ಲು ಹುಲುಸಾಗಿ ಬೆಳೆಯಿತು. ಮಚ್ಚೆ ಮಾತ್ರ ತಟ್ಟೆಯಿಂದ ಮೊರದಷ್ಟಾಯಿತು.

ಜುಲೈ 21

ಹಾಗಾದರೆ ಬೂಷ್ಟಿನ ರೋಗವಿರಬೇಕು ಎಂದು ನಾನೇ ತೀರ್ಪು ಕೊಟ್ಟುಕೊಂಡು ಶಿಲೀಂಧ್ರನಾಶಕ ತಂದು ಸಿಂಪಡಿಸಿದೆ (ರೂ. 180). ಇದು ದುಡ್ಡು ಕಳೆದುಕೊಂಡ ತಪ್ಪು ಮಾತ್ರವಲ್ಲ ಎಂಬುದು ಮುಂದೆ, ಹುಳುವನ್ನು ಕೊಲ್ಲುವ ಶಿಲೀಂಧ್ರವನ್ನೇ ಕೊಂಡು ತರಬೇಕಾಗಿ ಬಂದಾಗ ಗೊತ್ತಾಯಿತು.

ಜುಲೈ 28

ಕನ್ನಂಬಾಡಿ ಕಟ್ಟೆ ತುಂಬಿತೆಂದು ಟಿವಿಯಲ್ಲಿ ತೋರಿಸುತ್ತಿದ್ದ ವಾರ. ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲುಹಾಸಿನ ನಡುವೆ ಯಾರೋ ಸಲಿಕೆಯಿಂದ ಕೆದಕಿದ ಹಾಗೆ ಆರೇಳು ಗುಂಡಿ. ರಾತ್ರಿ ಹೆಗ್ಗಣ ಬಂದಿತ್ತು. ಅದರ ಹಿಂದೆಯೇ ಎಂಟು ಗೊರವಂಕಗಳು ಇಳಿದು, ನಾನು ನಿಂತಿದ್ದೇನೆಂಬ ಪರಿವೆಯೂ ಇಲ್ಲದೆ ಕುಕ್ಕುತ್ತಿದ್ದವು.

ಗುಂಡಿಯ ಅಂಚಿನ ಹುಲ್ಲು ಹಿಡಿದು ಎಳೆದೆ. ಒಂದು ಹಿಡಿ ಕಿತ್ತು ಬರಬೇಕಾದಲ್ಲಿ ಎರಡು ಅಡಿ ಅಗಲದ ಹುಲ್ಲು ಚಾಪೆ ಸುತ್ತಿದ ಹಾಗೆ ಸುರುಳಿಯಾಗಿ ಎದ್ದು ಬಂತು. ಅಡಿಯಲ್ಲಿ ಬೇರುಗಳೇ ಇರಲಿಲ್ಲ. ಮಣ್ಣು ರವೆಯಂತೆ ಸಡಿಲವಾಗಿತ್ತು. ಅದರೊಳಗೆ ಬೆಳ್ಳಗಿನ ಹುಳುಗಳು ಒಂದೊಂದೂ ಬಿಲ್ಲಿನಂತೆ ಬಾಗಿ ಮಲಗಿದ್ದವು.

ಒಂದನ್ನು ಅಂಗೈಗೆ ಹಾಕಿಕೊಂಡೆ. ಕಂದು ಬಣ್ಣದ ಗಟ್ಟಿ ತಲೆ, ತಲೆಯ ಹಿಂದೆ ಮೂರು ಜೊತೆ ಕಾಲು, ಆಮೇಲೆ ಬರೀ ಹೊಟ್ಟೆ. ಬಾಲದ ಕಡೆ ಚರ್ಮ ಎಷ್ಟು ತೆಳು ಎಂದರೆ ಒಳಗೆ ತಿಂದ ಮಣ್ಣು ಪೆನ್ನಿನ ರೀಫಿಲ್ಲಿನ ಶಾಯಿಯ ಹಾಗೆ ಕಪ್ಪಗೆ ಕಾಣುತ್ತಿತ್ತು. ನೆಟ್ಟಗೆ ಮಾಡಲು ಹೋದರೆ ಮತ್ತೆ ಮುದುರಿ ಕೊಂಡಿಯಾಗುತ್ತಿತ್ತು.

ಪಾಂಡವಪುರದ ಕಡೆ ಕಬ್ಬು ಬೆಳೆಯುವ ಭಾವಮೈದನಿಗೆ ಫೋಟೊ ಕಳಿಸಿದೆ. ಒಂದು ನಿಮಿಷದಲ್ಲಿ ಫೋನ್ ಬಂತು. "ಭಾವ, ಇದು ಗೊಣ್ಣೆ ಹುಳು. ನಮ್ಮ ಗದ್ದೆಗೆ ಬರುವುದು ಸರಿ, ನಿಮ್ಮ ಮನೆಗೆ ಯಾಕೆ ಬಂತು?" ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ವಾರದ ನಂತರ.

ಆಗಸ್ಟ್ 4: ಅಳತೆ

ಸಾಮಾನು: ಟೇಪು, ಹುರಿ, 25 ಬಿದಿರಿನ ಗೂಟ, ಕುರ್ಪಿ, ಬಾಂಡಲಿ, ಮರಳು ಜರಡಿ.

ಉದ್ದವನ್ನು ನಾಲ್ಕು ಪಾಲು, ಅಗಲವನ್ನು ನಾಲ್ಕು ಪಾಲು ಮಾಡಿ ಹುರಿ ಕಟ್ಟಿದೆ. 6 ಅಡಿಗೆ 4.5 ಅಡಿಯಂತೆ ಹದಿನಾರು ಚೌಕ, ಒಂದೊಂದು 27 ಚದರ ಅಡಿ. ಪ್ರತಿ ಚೌಕದ ಮಧ್ಯೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಇಂಚು ಆಳದ ಗುಂಡಿ ತೋಡಿ, ಮಣ್ಣನ್ನು ಜರಡಿಯಾಡಿ ಹುಳು ಎಣಿಸಿದೆ. ಗೇಟಿನ ಕಡೆಯಿಂದ ಸಾಲಾಗಿ, 1ರಿಂದ 16ನೇ ಚೌಕದವರೆಗೆ:

1, 2, 3, 2
3, 9, 8, 2
4, 13, 17, 3
2, 7, 4, 1

ಒಟ್ಟು 81. ಅದರಲ್ಲಿ 54 ಹುಳು ಐದೇ ಚೌಕಗಳಲ್ಲಿ: 6, 7, 10, 11, 14.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ನನ್ನ ಹೆಂಡತಿ ಸಾರಿನ ಪಾತ್ರೆ ಇಡಲು ಬಂದವಳು ಒಂದು ಸಲ ನೋಡಿ 10 ಮತ್ತು 11ರ ಮೇಲೆ ಬೆರಳಿಟ್ಟಳು. "ಇಲ್ಲೇ ಅಲ್ಲವೇನ್ರೀ ನೀವು ಗೊಬ್ಬರ ಸುರಿಸಿದ್ದು?"

ನಿಜ. ಮೇ ಮೊದಲ ವಾರ ಹತ್ತು ಚೀಲ ಕೊಟ್ಟಿಗೆ ಗೊಬ್ಬರ ತರಿಸಿದ್ದೆ, ಚೀಲಕ್ಕೆ 80ರಂತೆ 800 ರೂಪಾಯಿ. ಗೊಬ್ಬರ ಹಸಿಯಿದೆ, ವಾಸನೆ ಹೋಗಿಲ್ಲ ಎಂದು ಅವಳು ಅಂದೇ ಹೇಳಿದ್ದಳು. ನಾನು ಕೇಳಲಿಲ್ಲ. ಬೆನ್ನು ನೋವು ಅದು ಇದು ಎಂದು ಮೂರು ವಾರ ಆ ರಾಶಿ ಅಲ್ಲೇ ಬಿದ್ದಿತ್ತು, ಆಮೇಲೆ ಸುತ್ತ ಹರಡಿದೆ. ಗೊಣ್ಣೆ ಹುಳು ಹುಟ್ಟುವುದು ದುಂಬಿಯ ಮೊಟ್ಟೆಯಿಂದ. ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಈ ದುಂಬಿಗಳು ಮುಸ್ಸಂಜೆಗೆ ಮಣ್ಣಿನಿಂದೆದ್ದು ಬೇವು, ಜಾಲಿಯಂಥ ಮರಗಳಿಗೆ ಹಾರಿ, ಎಲೆ ತಿಂದು, ಜೊತೆಗೂಡಿ, ಬೆಳಕು ಹರಿಯುವ ಮೊದಲು ಮತ್ತೆ ಮಣ್ಣಿಗಿಳಿಯುತ್ತವೆ. ಮೊಟ್ಟೆಯಿಡಲು ಹಸಿ ಗೊಬ್ಬರ ಸೇರಿದ ಮೆತ್ತನೆಯ, ತೇವದ ಮಣ್ಣು ಸಿಕ್ಕರೆ ಅವಕ್ಕೆ ಹಬ್ಬ. ನಮ್ಮ ಕಾಂಪೌಂಡಿನ ಹೊರಗೆ ರಸ್ತೆ ಬದಿಯಲ್ಲಿ ಇಪ್ಪತ್ತು ಅಡಿ ಎತ್ತರದ ಬೇವಿನ ಮರವಿದೆ. ಅಲ್ಲಿ ಊಟ, ನಮ್ಮಲ್ಲಿ ಬಾಣಂತನ. ಸಾಲದ್ದಕ್ಕೆ ನಾನು ದಿನಕ್ಕೆರಡು ಹೊತ್ತು ನೀರು ಬಿಟ್ಟು ಆರೈಕೆ ಮಾಡಿದ್ದೇನೆ.

ಆಗಸ್ಟ್ 5: ಸೋಪಿನ ನೀರು

ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೋಪು ಕದಡಿ ಸುರಿದರೆ ಹುಳುಗಳೆಲ್ಲ ಮೇಲೆ ಬರುತ್ತವೆ ಎಂದು ಯಾರೋ ಹೇಳಿದ್ದರು. 7ನೇ ಚೌಕದಲ್ಲಿ ಸುರಿದು ಇಪ್ಪತ್ತು ನಿಮಿಷ ಮಣೆ ಹಾಕಿಕೊಂಡು ಕಾದೆ. ಎರಡು ಎರೆಹುಳು ಬಂದವು, ಪಾಪ. ಎಲೆ ತಿನ್ನುವ ಕಂಬಳಿಹುಳುವಿಗೆ ಈ ಉಪಾಯ ನಡೆಯುತ್ತದಂತೆ. ಬೇರಿನ ಬುಡದಲ್ಲಿರುವ ಗೊಣ್ಣೆಗೆ ಅದರ ಗೊಡವೆಯೇ ಇಲ್ಲ.

ಆಗಸ್ಟ್ 6: ಅಂಗಡಿ

ಔಷಧದ ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಹೆಸರಿನ ಚೀಟಿಯೇ ಇಲ್ಲದ ಹರಳು. ಏನೆಂದು ಕೇಳಿದರೆ "ಫೋರೇಟ್, ಹಳೆಯ ಸ್ಟಾಕು ಸಾರ್, ಒಂದೇ ಸಲಕ್ಕೆ ಕ್ಲೀನ್" ಎಂದರು. ಫೋರೇಟ್ ಎಂಬ ಈ ಕೀಟನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2018ರ ಆದೇಶದಲ್ಲೇ 2020ರ ಕೊನೆಯಿಂದ ನಿಷೇಧಿಸಿದೆ. ಅದೂ ಅಲ್ಲದೆ ನಮ್ಮ ಕುಡಿಯುವ ನೀರಿನ ಸಂಪಿನ ಮುಚ್ಚಳ ಇರುವುದು ಇದೇ ಹುಲ್ಲಿನ ಅಂಚಿನಲ್ಲಿ, 13ನೇ ಚೌಕದ ಪಕ್ಕ. ವಿಷದ ಮಾತು ಅಲ್ಲಿಗೇ ಮುಗಿಯಿತು.

ಅಕ್ಕನ ಮಗ ಕೃಷಿ ಓದಿದವನು. ಅವನು ಹೇಳಿದ್ದು ಹುಳುವನ್ನು ಹುಡುಕಿಕೊಂಡು ಹೋಗಿ ಕೊಲ್ಲುವ ಸೂಕ್ಷ್ಮ ಜಂತುಹುಳುವಿನ ಪುಡಿ: ಹೆಟೆರೊರಾಬ್ಡಿಟಿಸ್ ಇಂಡಿಕಾ. ನೀರಿನಲ್ಲಿ ಕಲಸಿ ಹಾಕುವ ಈ ಪುಡಿಯನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ರೂಪಿಸಿದೆ. ತಯಾರಿಸಿ ಮಾರುವವರು ಬೇರೆ ಬೇರೆ ಕಂಪನಿಯವರು. 1 ಕೆಜಿಗೆ 320 ರೂಪಾಯಿ ಕೊಟ್ಟೆ.

ಆಗಸ್ಟ್ 8: ಅತಿ ದೊಡ್ಡ ತಪ್ಪು

ಪೊಟ್ಟಣವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬ್ಯಾಂಕು, ತರಕಾರಿ, ಸ್ನೇಹಿತರ ಮನೆ ಎಲ್ಲ ಮುಗಿಸಿ ಬಂದೆ. ಡಿಕ್ಕಿ ತೆಗೆದಾಗ ಪೊಟ್ಟಣ ಬೆಚ್ಚಗಿತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ, ಎಕರೆ ಲೆಕ್ಕವನ್ನು ನೂರರಿಂದ ಭಾಗಿಸಿ, ಬಂದದ್ದನ್ನು ಧೈರ್ಯಕ್ಕೆಂದು ನಾಲ್ಕು ಪಟ್ಟು ಮಾಡಿ, ರೋಸ್ ಕ್ಯಾನಿನಲ್ಲಿ ಒಣ ಮಣ್ಣಿನ ಮೇಲೆ ಸುರಿದೆ. ಉಳಿದ ಪುಡಿಯನ್ನು ಅಟ್ಟದ ಮೇಲೆ, ತಗಡಿನ ಮಾಡಿನ ಕೆಳಗೆ ಇಟ್ಟೆ.

ಪುಡಿಯೊಳಗಿರುವುದು ಜೀವ. ಬಿಸಿಲಿಗೆ ಸಾಯುತ್ತದೆ, ಸೆಖೆಗೆ ಸಾಯುತ್ತದೆ, ಮಣ್ಣಿನಲ್ಲಿ ನೀರಿನ ಪೊರೆ ಇಲ್ಲದಿದ್ದರೆ ಒಂದು ಇಂಚೂ ಹೋಗಲಾರದೆ ಒಣಗಿ ಸಾಯುತ್ತದೆ. ನಾನು ಮೂರನ್ನೂ ಒದಗಿಸಿದ್ದೆ. ಇದೆಲ್ಲ ಪೊಟ್ಟಣದ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿದ್ದು ಎಕರೆಗೆ ಎಷ್ಟು ಎಂಬ ಸಾಲನ್ನು ಮಾತ್ರ.

ಆಗಸ್ಟ್ 22

10ನೇ ಚೌಕದಲ್ಲಿ ಹೊಸ ಗುಂಡಿ ತೋಡಿದೆ. ಹನ್ನೆರಡು ಹುಳು, ಮೊದಲಿಗಿಂತ ದಪ್ಪ, ಹೆಬ್ಬೆರಳಿನ ಅರ್ಧದಷ್ಟು. ಹದಿನಾಲ್ಕು ದಿನ ನೀರಿನಲ್ಲಿ ಹೋಮ.

ಆಗಸ್ಟ್ 24ರಿಂದ 27: ಕೈಯಿಂದ ಹೆಕ್ಕುವುದು

ಐದು ಚೌಕಗಳ ಹುಲ್ಲು ಹೇಗೂ ಸತ್ತಿತ್ತು. ಮಾಲಿಯನ್ನು ಕರೆಸಿ ಎರಡು ದಿನ ಅರ್ಧ ಅರ್ಧ ದಿನದ ಕೂಲಿ ಕೊಟ್ಟೆ, 1,000 ರೂಪಾಯಿ. ಉಳಿದ ಎರಡು ಬೆಳಗು ನಾನೊಬ್ಬನೇ. ಹುಲ್ಲಿನ ಚಾಪೆ ಸುತ್ತಿ ಪಕ್ಕಕ್ಕಿಟ್ಟು, ನಾಲ್ಕು ಇಂಚು ಮಣ್ಣು ತೆಗೆದು, ಜರಡಿಗೆ ಹಾಕಿ, ಹೆಕ್ಕಿ, ಮಣ್ಣನ್ನು ಹಿಂದಕ್ಕೆ ಹಾಕುವುದು. ಹುಳುಗಳು ಹಿಂದಿನ ರಸ್ತೆಯ ಮನೆಯವರ ನಾಟಿ ಕೋಳಿಗಳಿಗೆ. ಮೂರನೆಯ ದಿನ ಆ ಕೋಳಿಗಳು ನಮ್ಮ ಗೇಟಿನ ಮುಂದೆ ಬೆಳಿಗ್ಗೆ ಏಳಕ್ಕೇ ಹಾಜರಿದ್ದವು.

ನೂರಾದ ಕೂಡಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಒಟ್ಟು 1,147. ಗುಂಡಿಗಳ ಲೆಕ್ಕದಿಂದ ಸಿಗಬೇಕಾದದ್ದು 54ನ್ನು 27ರಿಂದ ಗುಣಿಸಿದರೆ 1,458. ಉಳಿದ 311 ಎಲ್ಲಿ? ಇಂಥ ಬಾಕಿ ನನಗೆ ರಾತ್ರಿ ನಿದ್ದೆ ಕೊಡುವುದಿಲ್ಲ. ಮರುದಿನ 11ನೇ ಚೌಕದ ಒಂದು ಮೂಲೆಯನ್ನು ಹಾರೆ ಹಾಕಿ ಇನ್ನೂ ಆಳಕ್ಕೆ ತೆಗೆದೆ. ಏಳು ಇಂಚಿನಲ್ಲಿ ಮಲಗಿದ್ದವು.

ನಡುವೆ ಒಂದು ಅನ್ಯಾಯವನ್ನೂ ಮಾಡಿದೆ. ಹಿತ್ತಲಿನ ಕಾಂಪೋಸ್ಟ್ ಗುಂಡಿಯಲ್ಲೂ ಇದೇ ಬಿಳಿ ಹುಳುಗಳು ಕಂಡವು. ಮೂಲಸ್ಥಾನ ಇದೇ ಎಂದು ಹುರುಪಿನಲ್ಲಿ ನಲವತ್ತಮೂರನ್ನು ಕೋಳಿಗಳ ಪಾಲು ಮಾಡಿದೆ. ನಲವತ್ತನಾಲ್ಕನೆಯದು ಕೈಜಾರಿ ಸಿಮೆಂಟಿನ ಮೇಲೆ ಬಿತ್ತು. ಬಿದ್ದದ್ದೇ ಅಂಗಾತವಾಗಿ, ಕಾಲುಗಳನ್ನು ಆಕಾಶಕ್ಕೆ ಮಾಡಿಕೊಂಡು, ಬೆನ್ನನ್ನು ಅಲೆಯಂತೆ ಅಲುಗಿಸುತ್ತ ಸರಸರನೆ ನಡೆದೇ ಬಿಟ್ಟಿತು. ಹುಲ್ಲಿನ ಹುಳು ಹೀಗೆ ನಡೆಯುವುದಿಲ್ಲ, ಮಗ್ಗುಲಾಗಿ ಬಿದ್ದು ಒದ್ದಾಡುತ್ತದೆ. ಅಕ್ಕನ ಮಗನಿಗೆ ವಿಡಿಯೊ ಕಳಿಸಿದರೆ, "ಮಾವ, ಬೆನ್ನ ಮೇಲೆ ನಡೆಯುವುದು ಹೂವಿನ ದುಂಬಿಯ ಮರಿ. ಅದು ಕೊಳೆತದ್ದನ್ನು ತಿಂದು ನಿಮಗೆ ಗೊಬ್ಬರ ಮಾಡಿಕೊಡುತ್ತದೆ" ಎಂದ. ನಲವತ್ತನಾಲ್ಕನೆಯದನ್ನು ಮರ್ಯಾದೆಯಿಂದ ಗುಂಡಿಗೆ ಬಿಟ್ಟೆ.

ಸೆಪ್ಟೆಂಬರ್ 3: ಎರಡನೆಯ ಸಲ

ಅಟ್ಟದ ಪುಡಿಯನ್ನು ಎಸೆದು ಹೊಸದಾಗಿ 1 ಕೆಜಿ ತಂದೆ (ರೂ. 320). ಈ ಸಲ ಬಟ್ಟೆಯ ಚೀಲದಲ್ಲಿ, ಆಟೋದಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು. ಹಿಂದಿನ ರಾತ್ರಿ ಮಳೆಯಾಗಿತ್ತು. ಆದರೂ ಸಂಜೆ ಐದಕ್ಕೆ ಮಣ್ಣಿಗೆ ನೀರು ಬಿಟ್ಟು, ಆರೂಕಾಲಕ್ಕೆ ಬಿಸಿಲು ಸಂಪೂರ್ಣ ಇಳಿದ ಮೇಲೆ ಹದಿನಾರೂ ಚೌಕಗಳಿಗೆ ಒಂದೊಂದು ರೋಸ್ ಕ್ಯಾನ್ ಹಾಕಿದೆ. ಪುಡಿ ತಳದಲ್ಲಿ ಕೂರುತ್ತದೆ, ಪ್ರತಿ ಸಲವೂ ಕದಡಬೇಕು. ಆಮೇಲೆ ಮತ್ತೆ ಬರೀ ನೀರು, ಜಂತುಗಳು ಹುಲ್ಲಿನ ಎಲೆಯಿಂದ ಮಣ್ಣಿಗಿಳಿಯಲಿ ಎಂದು. ಮುಂದಿನ ಹತ್ತು ದಿನ ಮಣ್ಣು ಆರದಂತೆ ನೋಡಿಕೊಂಡೆ.

ಪರೀಕ್ಷೆಗೆಂದು ಐದು ಹುಳುಗಳನ್ನು ಅದೇ ಮಣ್ಣಿನೊಂದಿಗೆ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಮೆಟ್ಟಿಲ ಕೆಳಗಿಟ್ಟೆ. ಐದನೆಯ ದಿನ ನಾಲ್ಕು ಸತ್ತಿದ್ದವು. ಬಿಳಿ ಹೋಗಿ ಇಟ್ಟಿಗೆ ಪುಡಿಯ ಕೆಂಪು ಬಂದಿತ್ತು. ಮೈ ಮೆತ್ತಗೆ, ಆದರೆ ಸತ್ತ ಹುಳುವಿನ ನಾತ ಇರಲಿಲ್ಲ. ಜಂತು ತನ್ನ ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಹೊತ್ತೊಯ್ದು ಹುಳುವಿನೊಳಗೆ ಬಿಡುತ್ತದೆ. ಕೊಲ್ಲುವುದೂ ಅದೇ, ಈ ಕೆಂಪೂ ಅದರದ್ದೇ, ಹೆಣ ಕೊಳೆಯದಂತೆ ಕಾಯುವುದೂ ಅದೇ. ಇಂಥ ಹುಳು ಕತ್ತಲಲ್ಲಿ ಸಣ್ಣಗೆ ಹೊಳೆಯುತ್ತದೆ ಎಂದೂ ಅಕ್ಕನ ಮಗ ಹೇಳಿದ್ದ. ರಾತ್ರಿ ಬಾಟಲಿ ಹಿಡಿದು ಬಚ್ಚಲುಮನೆಗೆ ಹೋಗಿ, ದೀಪ ಆರಿಸಿ, ಹತ್ತು ನಿಮಿಷ ಕಣ್ಣಗಲಿಸಿ ಕುಳಿತೆ. ಏನೂ ಕಾಣಲಿಲ್ಲ. "ಒಳಗೆ ಏನು ಮಾಡುತ್ತಿದ್ದೀರಿ?" ಎಂದು ಬಾಗಿಲು ಬಡಿದದ್ದು ಮಾತ್ರ ಕೇಳಿಸಿತು.

ಸೆಪ್ಟೆಂಬರ್ 22

ಹದಿನಾರು ಗುಂಡಿ, ಹಿಂದಿನವುಗಳ ಪಕ್ಕದಲ್ಲೇ, ಈ ಸಲ ಎಂಟು ಇಂಚು ಆಳ. ಜೀವಂತ ಹುಳು ಒಟ್ಟು 19. ಕೆಂಪಾಗಿ ಸತ್ತವು 22. 81ರಿಂದ 19ಕ್ಕೆ ಇಳಿದದ್ದರಲ್ಲಿ ಕೈಯ ಪಾಲೆಷ್ಟು, ಜಂತುವಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಕೈಯಿಂದ ಹೆಕ್ಕದೆ ಬಿಟ್ಟ ಹನ್ನೊಂದು ಚೌಕಗಳಲ್ಲೂ ಇಳಿದಿತ್ತು (27 ಇದ್ದದ್ದು 10), ಹಾಗಾಗಿ ಪುಡಿಗೆ ಕೊಟ್ಟ ದುಡ್ಡು ದಂಡವಲ್ಲ.

ಅಕ್ಟೋಬರ್, ದಸರಾ ಮುಗಿದ ಮೇಲೆ

ನಾಲ್ಕು ಚೌಕಗಳಿಗೆ ಹೊಸ ಹುಲ್ಲಿನ ಹಾಸು: 108 ಚದರ ಅಡಿ, ಅಡಿಗೆ 18ರಂತೆ 1,944 ರೂಪಾಯಿ. 11ನೆಯದನ್ನು ಹಾಗೇ ಬಿಟ್ಟೆ. ಅಲ್ಲಿ ಇನ್ನೂ ಏನಿದೆಯೋ ನೋಡಬೇಕಿತ್ತು.

ಡಿಸೆಂಬರ್ 15

11ರಲ್ಲಿ ಒಂದಡಿ ಆಳಕ್ಕೆ ಅಗೆದೆ. ಒಂದು ಹೆಂಟೆ ಒಡೆದಾಗ ಒಳಗೆ ಗೋಲಿಯಷ್ಟು ನುಣುಪಾದ ಗೂಡು, ಗಾರೆ ಮಾಡಿದ ಹಾಗೆ. ಅದರಲ್ಲಿ ಕಾಲು ಮಡಚಿಕೊಂಡು ಕುಳಿತ ಕಂದು ದುಂಬಿ. ಸತ್ತಿದೆ ಎಂದುಕೊಂಡೆ, ಬಿಸಿಲಿಗಿಟ್ಟರೆ ಎರಡು ನಿಮಿಷದಲ್ಲಿ ಮೀಸೆ ಆಡಿಸಿತು. ಮಳೆಗಾಲ ಮುಗಿಯುವಷ್ಟರಲ್ಲಿ ತಿಂದು ಮುಗಿಸಿ, ಕೋಶವಾಗಿ, ದುಂಬಿಯೂ ಆಗಿ, ಮುಂದಿನ ಬೇಸಿಗೆ ಮಳೆಯ ತನಕ ಹೀಗೆ ಕಾಯುತ್ತ ಕೂರುತ್ತದೆ. ಅಂದರೆ ನಾನು ಆಗಸ್ಟಿನಲ್ಲಿ ಬೆವರು ಸುರಿಸಿದ್ದು ಬಲಿತ ಹುಳುಗಳ ಮೇಲೆ. ಕೆಲಸ ಹಗುರವಾಗುವ ಹೊತ್ತು ಇನ್ನೂ ಮುಂದೆ ಇತ್ತು.

2025 ಮಾರ್ಚ್

ಬೇವಿನ ಹಿಂಡಿ 25 ಕೆಜಿ (ರೂ. 900) ಹರಡಿ ನೀರು ಬಿಟ್ಟೆ. ಕೊಟ್ಟಿಗೆ ಗೊಬ್ಬರ ಒಂದು ಹಿಡಿಯೂ ಇಲ್ಲ.

ಏಪ್ರಿಲ್ 27ರಿಂದ: ಬೇವಿನ ಮರದ ಕೆಳಗೆ

ಏಪ್ರಿಲ್ 26ರ ಸಂಜೆ ಒಳ್ಳೆಯ ಮಳೆ. ಮರುದಿನ ಏಳೂಕಾಲಕ್ಕೆ ಬೇವಿನ ಮರದ ಕೆಳಗೆ ನಿಂತರೆ ತಲೆಯ ಮೇಲೆ ಗುಂಯ್ ಎಂಬ ಸದ್ದು. ಟಾರ್ಚ್ ಬಿಟ್ಟರೆ ಎಲೆಎಲೆಗೂ ದುಂಬಿ, ಕೆಲವು ಜೋಡಿಯಾಗಿ ತೂಗುತ್ತಿದ್ದವು.

ಕ್ರಮ ಇಷ್ಟೇ: ಹಳೆಯ ಹೊದಿಕೆಯನ್ನು ಕೆಳಗೆ ಹಾಸಿ, ಮಾವಿನಕಾಯಿ ಕೀಳುವ ದೋಟಿಯಿಂದ ಕೊಂಬೆ ಹಿಡಿದು ಅಲ್ಲಾಡಿಸುವುದು. ದುಂಬಿಗಳು ಹಾರುವುದಿಲ್ಲ, ಆಲಿಕಲ್ಲಿನಂತೆ ಪಟಪಟ ಉದುರುತ್ತವೆ. ಬಾಚಿ ಸೀಮೆಎಣ್ಣೆ ಹಾಕಿದ ನೀರಿನ ಬಕೆಟ್ಟಿಗೆ. ಮೊದಲ ದಿನ 34, ಎರಡನೆಯ ದಿನ 61, ಮೂರನೆಯ ದಿನ 88. ಮಳೆ ಬಿಟ್ಟ ದಿನಗಳಲ್ಲಿ ಸೊನ್ನೆ. ಮೇ ಮೂರನೆಯ ವಾರದವರೆಗೆ ಒಟ್ಟು ಹನ್ನೊಂದು ಸಂಜೆ, 403 ದುಂಬಿ. ಎದುರು ಮನೆಯವರು ಗೇಟಿಗೆ ಬಂದು, "ಯುಗಾದಿ ಮುಗಿಯಿತಲ್ಲ ಸಾರ್, ಇನ್ನೂ ಬೇವು ಯಾಕೆ?" ಎಂದು ಕೇಳಿದರು. ಬಕೆಟ್ ತೋರಿಸಿದೆ. ಮರುದಿನ ಅವರೂ ಟಾರ್ಚ್ ತಂದರು. ಅವರ ಹುಲ್ಲಿನಲ್ಲೂ ಹಳದಿ ಮಚ್ಚೆ ಇತ್ತಂತೆ.

ದೀಪದ ಬಲೆಯನ್ನೂ ಮಾಡಿ ನೋಡಿದೆ: ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸೋಪಿನ ನೀರು, ಮೇಲೆ ಬಲ್ಬು. ಒಂದೇ ರಾತ್ರಿಗೆ ಬೊಗಸೆಗಟ್ಟಲೆ ರೆಕ್ಕೆ ಬಂದ ಗೆದ್ದಲು ಬಿದ್ದಿತ್ತು, ನಮ್ಮ ದುಂಬಿ ಐದು. ಪಕ್ಕದಲ್ಲೇ ಬೇವಿರುವಾಗ ಬಲ್ಬಿಗೆ ಬರುವಷ್ಟು ದಡ್ಡ ದುಂಬಿಗಳು ಅಷ್ಟೇ ಎಂದು ತೊಟ್ಟಿ ಎತ್ತಿಟ್ಟೆ.

ಜೂನ್ 8

ಮೆಟಾರೈಜಿಯಂ 1 ಕೆಜಿ (ರೂ. 210). ಇದು ಹುಳುವಿಗೆ ರೋಗ ತರುವ ಶಿಲೀಂಧ್ರ. ಚೆನ್ನಾಗಿ ಕಳಿತ 40 ಕೆಜಿ ಕಾಂಪೋಸ್ಟಿಗೆ ಬೆರೆಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ, ಹದಿನೈದು ದಿನ ನೀರು ಚಿಮುಕಿಸಿ ಇಟ್ಟಿದ್ದೆ. ಇದನ್ನು ಸಂಜೆ ಹರಡಿ ಕುರ್ಪಿಯಿಂದ ಮಣ್ಣಿಗೆ ಸೇರಿಸಿದೆ. ಹಿಂದಿನ ವರ್ಷ ಸಿಂಪಡಿಸಿದ್ದ ಶಿಲೀಂಧ್ರನಾಶಕದ ಡಬ್ಬಿ ಅರ್ಧ ಉಳಿದಿತ್ತು. ಅದು ಈ ಶಿಲೀಂಧ್ರವನ್ನೂ ಕೊಲ್ಲುತ್ತದಾದ್ದರಿಂದ ಹುಲ್ಲಿನ ಹತ್ತಿರ ತರದಂತೆ ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಜುಲೈ 20, ಭಾನುವಾರ

ಹದಿನೈದು ಗುಂಡಿ. ಒಟ್ಟು ಒಂಬತ್ತು ಹುಳು, ಎಲ್ಲವೂ ಎಳೆಯವು, ಅಕ್ಕಿಕಾಳಿಗಿಂತ ತುಸು ದೊಡ್ಡವು. ಒಂದು ಹಸಿರು ಪುಡಿ ಮೆತ್ತಿಕೊಂಡು ಕಡ್ಡಿಯಂತೆ ಸೆಟೆದಿತ್ತು, ಮೆಟಾರೈಜಿಯಂ ಹಿಡಿದದ್ದು. 6ನೇ ಚೌಕದಲ್ಲಿ ಮೂರು ಸಿಕ್ಕಿವೆ, ಆ ಚೌಕದ ಮೇಲೆ ಕಣ್ಣಿಟ್ಟಿದ್ದೇನೆ. ಈ ವರ್ಷ ಹೆಗ್ಗಣ ಇನ್ನೂ ಬಂದಿಲ್ಲ.

ಖರ್ಚು: ಯೂರಿಯಾ 15, ಶಿಲೀಂಧ್ರನಾಶಕ 180, ಜಂತುಹುಳು ಪುಡಿ ಎರಡು ಸಲಕ್ಕೆ 640, ಕೂಲಿ 1,000, ಹುಲ್ಲಿನ ಹಾಸು 1,944, ಬೇವಿನ ಹಿಂಡಿ 900, ಮೆಟಾರೈಜಿಯಂ 210. ಒಟ್ಟು 4,889 ರೂಪಾಯಿ. ಇದರಲ್ಲಿ ಮೊದಲ ಎರಡು ಬಾಬು ಮತ್ತು ಡಿಕ್ಕಿಯಲ್ಲಿ ಬೆಂದ ಪುಡಿ ಸೇರಿ 515 ಪೂರ್ತಿ ದಂಡ. ಹುಳುವನ್ನು ಮನೆಗೆ ಕರೆತಂದ ಗೊಬ್ಬರದ 800ನ್ನು ಯಾವ ಬಾಬಿಗೆ ಹಾಕಬೇಕೆಂದು ತಿಳಿಯದೆ ಬೇರೆ ಪುಟದಲ್ಲಿ ಬರೆದಿದ್ದೇನೆ.

ಹದಿನೈದೇ ಗುಂಡಿ ಏಕೆಂದರೆ 11ನೇ ಚೌಕ ಈಗ ನನ್ನ ಕೈಯಲ್ಲಿಲ್ಲ. ಜೂನ್‌ನಲ್ಲಿ ನಾನು ಊರಿಗೆ ಹೋಗಿದ್ದಾಗ ನನ್ನ ಹೆಂಡತಿ ಅಲ್ಲಿ ಕನಕಾಂಬರ ನೆಟ್ಟು, ನನ್ನ ಬಿದಿರಿನ ಗೂಟಗಳಿಗೇ ಹುರಿ ಕಟ್ಟಿ ಬೇಲಿ ಹಾಕಿಕೊಂಡಿದ್ದಾಳೆ. ಕುರ್ಪಿ ಹಿಡಿದು ಹತ್ತಿರ ಹೋದರೆ ಅಡುಗೆಮನೆಯ ಕಿಟಕಿಯಿಂದಲೇ ಗದರುತ್ತಾಳೆ.